ಸೈಕಲ್ಲಿನ ಚೈನು ಯಾವ ಚಕ್ರಕ್ಕೆ?

ಒಂದು ಹಾಳೆ ತೆಗೆದುಕೊಳ್ಳಿ. ಹಳೇ ರಸೀದಿಯ ಹಿಂಭಾಗವಾದರೂ ಸರಿ. ಫೋನ್ ತೆರೆಯದೆ, ಕಿಟಕಿಯಾಚೆ ಇಣುಕದೆ, ಅದರ ಮೇಲೆ ಒಂದು ಸೈಕಲ್ ಬಿಡಿಸಿ. ಚಂದ ಬರಬೇಕಿಲ್ಲ. ಓಡುವಂತಿದ್ದರೆ ಸಾಕು.

ಎರಡು ಚಕ್ರ ಸಲೀಸಾಗಿ ಬರುತ್ತವೆ. ಹ್ಯಾಂಡಲ್, ಸೀಟು ಕೂಡ ಬರುತ್ತವೆ. ಆಮೇಲೆ ಕೈ ತಡವರಿಸುತ್ತದೆ. ನಡುವಿನ ಕಂಬಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ? ಪೆಡಲ್ ಯಾವುದಕ್ಕೆ ಸೇರಿಕೊಂಡಿದೆ? ಚೈನು ಎರಡೂ ಚಕ್ರಕ್ಕೆ ಸುತ್ತಿದೆಯೋ, ಒಂದಕ್ಕೋ?

ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ರೆಬೆಕಾ ಲಾಸನ್ ಎಂಬ ಮನಶ್ಶಾಸ್ತ್ರಜ್ಞೆ ಜನರಿಗೆ ಇಂಥದ್ದೇ ಪರೀಕ್ಷೆ ಕೊಟ್ಟು, 2006ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಕೆಲವರು ಚೈನನ್ನು ಮುಂದಿನ ಚಕ್ರಕ್ಕೂ ಸುತ್ತಿದ್ದರು. ಕೆಲವರು ಎರಡು ಚಕ್ರಗಳ ನಡುವೆ ನೇರವಾಗಿ ಕಂಬಿ ಕೂರಿಸಿದ್ದರು. ಅಂಥ ಸೈಕಲ್ಲಿನ ಹ್ಯಾಂಡಲ್ ತಿರುಗುವುದೇ ಇಲ್ಲ. ಹೊರಟರೆ ನೆಟ್ಟಗೆ ಹೋಗುತ್ತಲೇ ಇರಬೇಕು. ತಪ್ಪು ಮಾಡಿದವರಲ್ಲಿ ಸೈಕಲ್ ಓಡಿಸುವವರೂ ಇದ್ದರು. ನನ್ನ ಮೊದಲ ಸೈಕಲ್ಲಿನದೂ ಇದೇ ಕಥೆ. ಜೊತೆಗೆ ನನ್ನದರಲ್ಲಿ ಪೆಡಲ್ ಒಂದೇ ಇತ್ತು.

ಇದು ಮರೆವಲ್ಲ. ನಾವು ಅದನ್ನು ನೋಡಿಯೇ ಇರಲಿಲ್ಲ. ಸೈಕಲ್ಲನ್ನು ಗುರುತಿಸಲು, ಹತ್ತಲು, ಅಡ್ಡ ಬಂದರೆ ಪಕ್ಕಕ್ಕೆ ಸರಿಯಲು ಎಷ್ಟು ಬೇಕೋ ಅಷ್ಟನ್ನು ಕಣ್ಣು ನೋಡಿತು, ಉಳಿದದ್ದನ್ನು ಬಿಟ್ಟಿತು. ದಿನವಿಡೀ ನಮ್ಮ ನೋಟ ಹೀಗೇ ನಡೆಯುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಎದುರು ಬಂದ ಪ್ರತಿ ವಸ್ತುವನ್ನೂ ಪೂರ್ತಿ ನೋಡುತ್ತಾ ನಿಂತರೆ ರಸ್ತೆ ದಾಟುವುದು ಯಾವಾಗ?

ಸ್ಕೆಚ್ ಮಾಡುವುದೆಂದರೆ ಈ ಅವಸರದ ನೋಟಕ್ಕೆ ಸ್ವಲ್ಪ ಹೊತ್ತು ರಜೆ ಕೊಡುವುದು. ಮನೆಯಲ್ಲಿರುವ ಕುರ್ಚಿ, ಬಾಗಿಲ ಹತ್ತಿರದ ಚಪ್ಪಲಿ, ಎದುರು ಕೂತು ತೂಕಡಿಸುತ್ತಿರುವವರ ಕತ್ತು ಯಾವುದಾದರೂ ಆದೀತು. ಹತ್ತು ನಿಮಿಷ, ಒಂದು ಪೆನ್ನು, ಒಂದು ಪುಟ. ಬರುವ ಚಿತ್ರ ಚಂದವೋ ಅಲ್ಲವೋ ಅನ್ನುವುದು ಆಮೇಲಿನ ಮಾತು.

ಎಲ್ಲ ಗೊತ್ತಿರುವ ಆಸಾಮಿ

"ನನಗೆ ಒಂದು ಗೆರೆ ನೆಟ್ಟಗೆ ಎಳೆಯಲೂ ಬರಲ್ಲ" ಅನ್ನುವವರು ಬಹಳ. ಈ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಸೂಜಿಗೆ ದಾರ ಪೋಣಿಸುವ, ಚಿಕ್ಕ ಕೀಬೋರ್ಡಿನ ಮೇಲೆ ಚಕಚಕ ಟೈಪ್ ಮಾಡುವ, ಸುರುಳಿ ಸುರುಳಿ ಸಹಿ ಹಾಕುವ ಕೈ ಅದು. ಸ್ಕೆಚ್ಚಿಗೆ ಬೇಕಾದಷ್ಟು ಹಿಡಿತ ಅದಕ್ಕೆ ಆಗಲೇ ಇದೆ. ನೆಟ್ಟಗಿನ ಗೆರೆಯಂತೂ ಬೇಕಾಗಿಯೇ ಇಲ್ಲ. ಅದಕ್ಕೆ ಸ್ಕೇಲ್ ಇದೆ.

ತೊಂದರೆ ಇರುವುದು ಕಣ್ಣಿಗೂ ಕೈಗೂ ನಡುವೆ. ಅಲ್ಲಿ ಒಬ್ಬ ಆಸಾಮಿ ಕೂತಿದ್ದಾನೆ. ಅವನಿಗೆ ಎಲ್ಲವೂ ಗೊತ್ತು. ಕಣ್ಣು ಎಂದರೆ ಬಾದಾಮಿ ಆಕಾರ, ನಡುವೆ ಕಪ್ಪು ಚುಕ್ಕೆ. ಮರ ಎಂದರೆ ಕೆಳಗೊಂದು ಕಂಬ, ಮೇಲೊಂದು ಮೋಡ. ಮನೆ ಎಂದರೆ ಚೌಕದ ಮೇಲೆ ತ್ರಿಕೋನ. ನೀವು ಎದುರಿನ ಮರ ನೋಡಿ ಬಿಡಿಸಲು ಕೂತರೆ, ಅವನು ನಡುವೆ ಕೈ ಹಾಕಿ "ಮರ ತಾನೆ, ನನಗೆ ಗೊತ್ತು ಬಿಡಿ" ಎಂದು ತನ್ನ ರೆಡಿಮೇಡ್ ಮರವನ್ನು ಹಾಳೆಗೆ ಇಳಿಸುತ್ತಾನೆ. ನೀವು ಎದುರಿನ ಮರವನ್ನು ಒಂದೆರಡು ಸಲ ಮಾತ್ರ ನೋಡಿರುತ್ತೀರಿ. ಹಾಳೆಯನ್ನು ನೋಡಿದ್ದೇ ಜಾಸ್ತಿ.

ಅವನ ಕೈವಾಡ ಮುಖದ ಚಿತ್ರಗಳಲ್ಲಿ ಎದ್ದು ಕಾಣುತ್ತದೆ. ಹೊಸಬರು ಬಿಡಿಸಿದ ಮುಖಗಳಲ್ಲಿ ಕಣ್ಣುಗಳು ತಲೆಯ ಮೇಲ್ಭಾಗಕ್ಕೆ ಹತ್ತಿಬಿಟ್ಟಿರುತ್ತವೆ. ನಿಜಕ್ಕೂ ಕಣ್ಣುಗಳಿರುವುದು ತಲೆಯ ಸರಿಸುಮಾರು ನಟ್ಟನಡುವೆ. ನೆತ್ತಿಯಿಂದ ಕಣ್ಣಿಗೆ ಎಷ್ಟೋ, ಕಣ್ಣಿನಿಂದ ಗಲ್ಲಕ್ಕೂ ಅಷ್ಟೇ. ಬೇಕಾದರೆ ಬೆರಳಿಟ್ಟು ಅಳೆದುಕೊಳ್ಳಿ. ಆದರೆ ನಮ್ಮ ಆಸಾಮಿಗೆ ಹಣೆ, ಕೂದಲು ಮುಖ್ಯವಲ್ಲ. ಅಲ್ಲಿ ಮಾತಿಲ್ಲ, ನಗುವಿಲ್ಲ, ಸಿಟ್ಟಿಲ್ಲ. ಹಾಗಾಗಿ ಅವನು ಅದನ್ನು ಒತ್ತಿ ಚಿಕ್ಕದು ಮಾಡಿ, ಉಳಿದ ಜಾಗವನ್ನೆಲ್ಲ ಕಣ್ಣು, ಮೂಗು, ಬಾಯಿಗೆ ಹಂಚುತ್ತಾನೆ. ಅಂಗೈಯನ್ನೂ ಹೀಗೇ ಚಿಕ್ಕದು ಮಾಡುತ್ತಾನೆ. ನಿಮ್ಮ ಅಂಗೈಯ ಬುಡವನ್ನು ಗಲ್ಲಕ್ಕೆ ಒತ್ತಿ ಬೆರಳು ಚಾಚಿ ನೋಡಿ. ಬೆರಳ ತುದಿ ಹಣೆಯವರೆಗೆ ಹೋಗುತ್ತದೆ. ಇಷ್ಟು ದೊಡ್ಡ ಕೈ ನನಗಿದೆ ಎಂದು ನನಗೆ ತಿಳಿದದ್ದೇ ಬಿಡಿಸಲು ಕೂತಾಗ.

ಅವನು ಎಷ್ಟು ಗಟ್ಟಿಗ ಅನ್ನುವುದಕ್ಕೆ ಬಚ್ಚಲುಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಬಿಸಿನೀರಿನ ಹಬೆಗೆ ಕನ್ನಡಿ ಮಂಜಾಗಲಿ. ಒಂದು ಕಣ್ಣು ಮುಚ್ಚಿ, ತಲೆ ಅಲ್ಲಾಡಿಸದೆ, ಕನ್ನಡಿಯಲ್ಲಿ ಕಾಣುವ ನಿಮ್ಮ ತಲೆಯ ಅಂಚನ್ನು ಬೆರಳಿನಿಂದ ಗೀರಿ. ಆಮೇಲೆ ಪಕ್ಕಕ್ಕೆ ಸರಿದು ಆ ಗೆರೆ ನೋಡಿ. ಅದು ನಿಮ್ಮ ತಲೆಯ ಅರ್ಧದಷ್ಟೇ ಉದ್ದ ಇರುತ್ತದೆ. ಹತ್ತಿರ ನಿಂತು ಗೀರಿದರೂ ಅರ್ಧ, ದೂರ ನಿಂತು ಗೀರಿದರೂ ಅರ್ಧ. ನಿಮ್ಮ ಪ್ರತಿಬಿಂಬ ಕನ್ನಡಿಯ ಹಿಂದೆ ನಿಮ್ಮಷ್ಟೇ ದೂರದಲ್ಲಿ ಇರುವಂತೆ ಕಾಣುತ್ತದೆ, ಗಾಜು ಇಬ್ಬರ ನಡುವೆ ಸರಿಯಾಗಿ ಅರ್ಧ ದಾರಿಯಲ್ಲಿದೆ. ಅದಕ್ಕೇ ಹೀಗೆ. ದಿನಾ ತಲೆ ಬಾಚುತ್ತೇವೆ, ಆದರೆ ಒಂದು ದಿನವೂ ಈ ಅರ್ಧ ಸೈಜಿನ ಮುಖ ನಮ್ಮ ಗಮನಕ್ಕೆ ಬಂದಿಲ್ಲ ಅಲ್ವಾ? "ಅದು ನನ್ನ ಮುಖ, ಅದರ ಅಳತೆ ನನಗೆ ಗೊತ್ತು" ಎಂದು ಆಸಾಮಿ ಆಗಲೇ ತೀರ್ಪು ಕೊಟ್ಟಾಗಿದೆ.

ಅವನು ಶತ್ರು ಅಲ್ಲ. ದೂರದಲ್ಲಿ ಕಡಲೆಕಾಳಿನಷ್ಟು ಕಾಣುವ ಮನುಷ್ಯನೂ ಆರಡಿಯವನೇ ಎಂದು ತಿಳಿಸುವವನು ಅವನೇ. ಓರೆಯಾಗಿ ಕಾಣುವ ಮೇಜಿಗೆ ನಾಲ್ಕೂ ಮೂಲೆ ನೇರ ಇದೆ ಎಂದು ಹೇಳುವವನೂ ಅವನೇ. ಬದುಕಲು ಅವನು ಬೇಕು. ಸ್ಕೆಚ್ ಮಾಡುವಾಗ ಮಾತ್ರ ಅವನನ್ನು ಹೊರಗೆ ಕೂರಿಸಬೇಕು.

ಇದರಿಂದ ಚಿತ್ರದಾಚೆಗೂ ಲಾಭ ಇದೆ. 1609ರ ಬೇಸಿಗೆಯಲ್ಲಿ ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಹ್ಯಾರಿಯಟ್ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರ ಬರೆದಿಟ್ಟರು. ಬೆಳಕು-ಕತ್ತಲೆಯ ಗಡಿ ಅಂಕುಡೊಂಕಾಗಿರುವುದನ್ನೂ ಗುರುತಿಸಿದರು. ಆದರೆ ಅದು ಯಾಕೆ ಹಾಗಿದೆ ಎಂದು ಅವರಿಗೆ ಹೊಳೆದಂತಿಲ್ಲ. ಕೆಲವೇ ತಿಂಗಳ ನಂತರ ಗೆಲಿಲಿಯೊ ಅದೇ ಚಂದ್ರನನ್ನು ನೋಡಿದರು. ಆ ಅಂಕುಡೊಂಕು ಬೆಟ್ಟ-ಕುಳಿಗಳ ನೆರಳು ಎಂದು ಅವರಿಗೆ ತಿಳಿಯಿತು. ಗೆಲಿಲಿಯೊಗೆ ಚಿತ್ರಕಲೆಯ ಒಳ್ಳೆಯ ಪರಿಚಯವಿತ್ತು. ಉಬ್ಬು-ತಗ್ಗಿನ ಮೇಲೆ ಓರೆ ಬೆಳಕು ಬಿದ್ದರೆ ನೆರಳು ಹೇಗೆ ಕೂರುತ್ತದೆ ಎಂಬುದು ಗೊತ್ತಿದ್ದ ಕಣ್ಣು ಅದು. ಅದರಿಂದಲೇ ಈ ವ್ಯತ್ಯಾಸ ಎಂದು ಕಲೆಯ ಇತಿಹಾಸ ಬರೆಯುವವರು ಹೇಳುತ್ತಾರೆ. ನನಗೂ ಅದು ಒಪ್ಪುವ ಮಾತೆನಿಸುತ್ತದೆ. ಗೆಲಿಲಿಯೊ 1609ರಲ್ಲಿ ನೀರುಬಣ್ಣದ ತೆಳು ಪದರಗಳಲ್ಲಿ ಬಿಡಿಸಿದ ಚಂದ್ರಗಳನ್ನು ನೋಡಿದರೆ, ಆ ಕುಳಿಗಳಿಗೆ ಬೆರಳು ಹಾಕಬಹುದೇನೋ ಅನ್ನಿಸುತ್ತದೆ.

ಅವನನ್ನು ಯಾಮಾರಿಸುವುದು

ಸ್ಕೆಚ್ ಕಲಿಸುವವರ ಬಹುಪಾಲು ಪಾಠಗಳು ಈ ಆಸಾಮಿಯನ್ನು ಯಾಮಾರಿಸುವ ಉಪಾಯಗಳೇ. ಒಂದು ಫೋಟೋವನ್ನು ತಲೆಕೆಳಗು ಮಾಡಿಟ್ಟು ನಕಲು ಮಾಡಿ ನೋಡಿ. ನೆಟ್ಟಗಿಟ್ಟು ಮಾಡಿದ್ದಕ್ಕಿಂತ ಅದೇ ಚೆನ್ನಾಗಿ ಬರುವುದುಂಟು. ಮೂಗು ಮೂಗಿನಂತೆ ಕಾಣದೆ ಹೋದಾಗ ರೆಡಿಮೇಡ್ ಮೂಗು ಕೊಡಲು ಅವನಿಗೆ ತೋಚುವುದಿಲ್ಲ. ಬರೇ ಗೆರೆ, ಓರೆ, ಅಳತೆ ಉಳಿಯುತ್ತವೆ. (ಇದನ್ನು ಎಡಮೆದುಳು-ಬಲಮೆದುಳಿನ ಜಗಳ ಎಂದು ವಿವರಿಸುವ ರೂಢಿ ಇದೆ. ಮೆದುಳು ಅಷ್ಟು ಸರಳವಾಗಿ ಪಾಲಾಗಿಲ್ಲ. ವಿವರಣೆ ಸಡಿಲ, ಉಪಾಯ ಮಾತ್ರ ಗಟ್ಟಿ.)

ನನಗೆ ಹೆಚ್ಚು ಇಷ್ಟದ್ದು ಬ್ಲೈಂಡ್ ಕಾಂಟೂರ್. ಹೆಸರು ದೊಡ್ಡದು, ಕೆಲಸ ಸಣ್ಣದು. ಅಮೆರಿಕದ ಕಲಾಶಿಕ್ಷಕ ಕಿಮೋನ್ ನಿಕೊಲೈಡಿಸ್ ಅವರ ಪಾಠಗಳಿಂದ ಇದು ಹೆಚ್ಚು ಜನಕ್ಕೆ ತಲುಪಿತು. ನಿಮ್ಮ ಎಡಗೈಯನ್ನು ಮೇಜಿನ ಮೇಲಿಡಿ. ಎಡಚರಾದರೆ ಬಲಗೈ. ಪೆನ್ನನ್ನು ಹಾಳೆಯ ಮೇಲಿಟ್ಟು, ಆಮೇಲೆ ಹಾಳೆಯ ಕಡೆ ನೋಡಲೇಬೇಡಿ. ಕಣ್ಣು ಕೈಯ ಅಂಚಿನ ಮೇಲೆ ಇರುವೆಯ ಹಾಗೆ ನಿಧಾನಕ್ಕೆ ಹರಿಯಲಿ. ಇರುವೆ ಎಷ್ಟು ಸರಿದರೆ ಪೆನ್ನೂ ಅಷ್ಟೇ ಸರಿಯಲಿ. ಉಗುರಿನ ಹತ್ತಿರ ಚರ್ಮ ಮಡಿಚಿದ ಕಡೆ ಇರುವೆ ನಿಂತರೆ ಪೆನ್ನೂ ನಿಲ್ಲಲಿ. ಐದು ನಿಮಿಷ.

ಮುಗಿದ ಮೇಲೆ ನೋಡಿದರೆ ನಗು ಬರುತ್ತದೆ. ಬೆರಳುಗಳು ಹೊರಟಲ್ಲಿಗೆ ವಾಪಸ್ ಬಂದಿರುವುದಿಲ್ಲ. ಹೆಬ್ಬೆರಳು ಎಲ್ಲೋ ತೇಲುತ್ತಿರುತ್ತದೆ. ಆದರೆ ಗೆರೆಯನ್ನೇ ಹತ್ತಿರದಿಂದ ನೋಡಿ. ಗೆಣ್ಣಿನ ಸುಕ್ಕು, ಉಗುರಿನ ಅಂಚು, ಹಳೇ ಗಾಯದ ಗುರುತು ಎಲ್ಲ ಅದರಲ್ಲಿರುತ್ತವೆ. ನೀವು ಯಾವತ್ತೂ ಎಳೆಯದಂಥ ಗೆರೆ ಅದು. ಅಂಜಿಕೆ ಇಲ್ಲದ್ದು, ಗಮನ ಇರುವಂಥದ್ದು. ದಿನದ ಸ್ಕೆಚ್ಚಿಗೆ ಕೂರುವ ಮುಂಚೆ ನಾನು ಇಂಥದ್ದೊಂದನ್ನು ಮಾಡಿಯೇ ಮುಂದಕ್ಕೆ ಹೋಗುತ್ತೇನೆ.

ಇನ್ನೊಂದು ಉಪಾಯ, ವಸ್ತುವನ್ನು ಬಿಟ್ಟು ಅದರ ಸಂದುಗಳನ್ನು ಬಿಡಿಸುವುದು. ಕುರ್ಚಿ ಬಿಡಿಸಬೇಡಿ. ಕುರ್ಚಿಯ ಕಾಲುಗಳ ನಡುವೆ ಕಾಣುವ ನೆಲದ ತುಣುಕುಗಳನ್ನು ಬಿಡಿಸಿ. ಆ ತುಣುಕುಗಳಿಗೆ ಹೆಸರಿಲ್ಲ. ಹೆಸರಿಲ್ಲದ್ದರ ರೆಡಿಮೇಡ್ ಚಿತ್ರ ಯಾರ ಹತ್ತಿರವೂ ಇರುವುದಿಲ್ಲ. ತುಣುಕುಗಳು ಸರಿಯಾಗಿ ಬಂದರೆ ಕುರ್ಚಿ ತಾನಾಗಿ ನಿಂತಿರುತ್ತದೆ.

ಅಳತೆಗೆ ಪೆನ್ಸಿಲ್ಲೇ ಸಾಕು. ಚಿತ್ರಕಾರರು ತೋಳು ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲನ್ನು ಎದುರಿಗೆ ಹಿಡಿಯುವುದನ್ನು ನೋಡಿರುತ್ತೀರಿ. ಅದು ಸ್ಟೈಲಿಗೆ ಅಲ್ಲ. ಬಾಗಿಲಿನ ಅಗಲವನ್ನು ಪೆನ್ಸಿಲ್ಲಿನ ಮೇಲೆ ಹೆಬ್ಬೆರಳಿನಿಂದ ಗುರುತಿಟ್ಟುಕೊಂಡು, ಅದೇ ಅಳತೆ ಬಾಗಿಲಿನ ಎತ್ತರದಲ್ಲಿ ಎಷ್ಟು ಸಲ ಕೂರುತ್ತದೆ ಎಂದು ಎಣಿಸುತ್ತಾರೆ. ಎರಡೂಕಾಲು ಸಲ ಅಂದುಕೊಳ್ಳಿ. ಹಾಳೆಯಲ್ಲೂ ಎರಡೂಕಾಲು ಸಲ. ತೋಳು ಮಡಿಚಬಾರದು, ಮಡಿಚಿದರೆ ಅಳತೆ ಬದಲಾಗುತ್ತದೆ. ಚಾವಣಿಯ ಓರೆ ತಿಳಿಯಬೇಕಾದರೆ ಪೆನ್ಸಿಲ್ಲನ್ನು ಆ ಅಂಚಿಗೆ ಸರಿಯಾಗಿ ಓರೆ ಹಿಡಿದು, ಹಾಗೇ ಹಾಳೆಯ ಮೇಲೆ ತಂದರಾಯಿತು. ಇದನ್ನು ಕೀಳು ಎಂದು ತಿಳಿಯಬೇಡಿ. ಡಚ್ ಚಿತ್ರಕಾರ ವ್ಯಾನ್ ಗಾಗ್ 1882ರಲ್ಲಿ ಹೇಗ್ ಊರಿನಲ್ಲಿದ್ದಾಗ ದಾರ ಕಟ್ಟಿದ ಒಂದು ಮರದ ಚೌಕಟ್ಟನ್ನೇ ಮಾಡಿಸಿಕೊಂಡಿದ್ದರು. ಅದರ ಮೂಲಕ ನೋಡಿ ಓರೆ, ಅಳತೆ ಹಿಡಿಯುತ್ತಿದ್ದರು. ಆ ಚೌಕಟ್ಟಿನ ಸ್ಕೆಚ್ಚನ್ನೂ ತಮ್ಮನಿಗೆ ಬರೆದ ಕಾಗದದಲ್ಲಿ ಬಿಡಿಸಿ ಕಳಿಸಿದ್ದರು. ಕೆಲವು ತಿಂಗಳು ಹೀಗೆ ಅಳೆದರೆ ಪೆನ್ಸಿಲ್ ಎತ್ತುವ ಅಗತ್ಯ ಕಡಿಮೆಯಾಗುತ್ತದೆ. ಕಣ್ಣಳತೆ ಕೂತುಬಿಡುತ್ತದೆ.

ಈಗ ಒಂದು ಲೋಟದ ವಿಷಯಕ್ಕೆ ಬರೋಣ. ಇಡೀ ಪರ್ಸ್‌ಪೆಕ್ಟಿವ್ ಪಾಠ, ಅಂದರೆ ನೋಡುವ ಜಾಗಕ್ಕೆ ತಕ್ಕಂತೆ ವಸ್ತುಗಳ ಆಕಾರ ಬದಲಾಗಿ ಕಾಣುವುದರ ಪಾಠ, ಒಂದು ಲೋಟದಲ್ಲಿ ಹಿಡಿಸುತ್ತದೆ. ಮೇಜಿನ ಮೇಲಿನ ಲೋಟವನ್ನು ಬಿಡಿಸುವಾಗ ಹೊಸಬರು ಬಾಯಿಯನ್ನು ಎರಡು ಬಾಗಿದ ಗೆರೆಗಳಿಂದ ಬಿಡಿಸಿ, ಎರಡು ತುದಿಗಳನ್ನು ಕಣ್ಣಿನ ಮೂಲೆಯ ಹಾಗೆ ಚೂಪು ಮಾಡುತ್ತಾರೆ. ತಳವನ್ನು ನೇರ ಗೆರೆ ಎಳೆದು ಮುಗಿಸುತ್ತಾರೆ. ಯಾಕೆಂದರೆ ಲೋಟ ಮೇಜಿನ ಮೇಲೆ ಸಮನಾಗಿ ಕೂತಿದೆ ಎಂದು ಅವರಿಗೆ ಗೊತ್ತು. ಮತ್ತೆ ಅದೇ ಆಸಾಮಿ.

ಲೋಟವನ್ನು ಕಣ್ಣಿನ ಎತ್ತರಕ್ಕೆ ಎತ್ತಿ ಹಿಡಿಯಿರಿ. ಬಾಯಿ ಒಂದು ನೇರ ಗೆರೆಯಾಗಿ ಕಾಣುತ್ತದೆ. ನಿಧಾನಕ್ಕೆ ಕೆಳಗಿಳಿಸಿ. ಗೆರೆ ತೆರೆದು ತೆಳ್ಳನೆಯ ಅಂಡಾಕಾರವಾಗುತ್ತದೆ. ಇನ್ನೂ ಇಳಿಸಿದರೆ ಅಂಡ ದಪ್ಪವಾಗುತ್ತದೆ, ಕಾಲ ಹತ್ತಿರ ಹೋದಾಗ ಹೆಚ್ಚುಕಡಿಮೆ ವೃತ್ತವೇ. ಅಂದರೆ ಕಣ್ಣಿನ ಮಟ್ಟದಿಂದ ಎಷ್ಟು ಕೆಳಗಿದ್ದರೆ ಅಷ್ಟು ದುಂಡಗೆ. ಹಾಗಾದರೆ ಮೇಜಿನ ಮೇಲಿನ ಲೋಟದ ತಳ, ಬಾಯಿಗಿಂತ ಕೆಳಗಿದೆಯಲ್ಲ? ಅದು ಬಾಯಿಗಿಂತ ಸ್ವಲ್ಪ ಜಾಸ್ತಿಯೇ ದುಂಡಗೆ ಬಾಗಬೇಕು. ತುದಿಗಳು ಎಲ್ಲೂ ಚೂಪಾಗುವುದಿಲ್ಲ, ಹೊರಳಿಕೊಂಡು ಬರುತ್ತವೆ. ಇದಿಷ್ಟು ಗಮನಿಸಿದ ದಿನ ನಿಮ್ಮ ಲೋಟ ಹಾಳೆಯ ಮೇಲೆ ಕೂರುತ್ತದೆ. ಅಲ್ಲಿಯವರೆಗೆ ಅದು ಗೋಡೆಗೆ ಅಂಟಿಸಿದ ಸ್ಟಿಕರ್.

ರಸ್ತೆಯ ಜನಕ್ಕೂ ಇದೇ ಲೆಕ್ಕ. ನಿಮ್ಮ ಕಣ್ಣಿನ ಮಟ್ಟವೇ ಚಿತ್ರದ ದಿಗಂತ. ಸಮತಟ್ಟಾದ ಜಾಗದಲ್ಲಿ ನೀವು ನಿಂತು ನೋಡುತ್ತಿದ್ದರೆ, ನಿಮ್ಮಷ್ಟೇ ಎತ್ತರದ ಎಲ್ಲರ ಕಣ್ಣುಗಳೂ ಅದೇ ಒಂದು ಗೆರೆಯ ಮೇಲೆ ಬರುತ್ತವೆ. ಹತ್ತಿರದವರು ಇರಲಿ, ದೂರದವರು ಇರಲಿ. ಬದಲಾಗುವುದು ಕಾಲುಗಳು ಮಾತ್ರ. ಹತ್ತಿರದವರ ಕಾಲು ಹಾಳೆಯ ಕೆಳಗಿನವರೆಗೆ ಇಳಿಯುತ್ತದೆ, ದೂರದವರದು ಗೆರೆಗೆ ಸಮೀಪದಲ್ಲೇ ಮುಗಿಯುತ್ತದೆ. ನೀವು ಕೂತು ನೋಡಿದರೆ ಆ ಗೆರೆ ನಿಂತವರ ಎದೆಯ ಹತ್ತಿರ ಹಾದುಹೋಗುತ್ತದೆ. ಗುಂಪನ್ನು ಬಿಡಿಸುವುದು ಕಷ್ಟ ಎಂದು ಹೆದರಿದ್ದ ನನಗೆ ಈ ಒಂದು ವಿಷಯ ತಿಳಿದ ಮೇಲೆ ಅರ್ಧ ಹೆದರಿಕೆ ಹೋಯಿತು.

ನೆರಳಿಗೆ ಕಣ್ಣು ಕಿರಿದು ಮಾಡಿ ನೋಡಿದರೆ ಸಾಕು. ಸಣ್ಣಪುಟ್ಟ ವಿವರ ಕರಗಿ, ಎರಡೋ ಮೂರೋ ದೊಡ್ಡ ತೇಪೆಗಳು ಉಳಿಯುತ್ತವೆ: ಬೆಳಕು, ಮಧ್ಯಮ, ಕಪ್ಪು. ಆ ಮೂರನ್ನು ಮೊದಲು ಇಡಿ. ರೆಪ್ಪೆಗೂದಲು ಆಮೇಲೆ.

ಪೆನ್ನೋ ಪೆನ್ಸಿಲ್ಲೋ

ಸಾಮಾನಿನ ಬಗ್ಗೆ ಕೇಳುವವರು ಜಾಸ್ತಿ, ಆದರೆ ಹೇಳಲು ಹೆಚ್ಚೇನಿಲ್ಲ. ಪೆನ್ಸಿಲ್ಲಿನ ಮೇಲಿನ ಅಕ್ಷರಗಳ ಅರ್ಥ ಇಷ್ಟೇ: ಎಚ್ ಅಂದರೆ ಗಟ್ಟಿ, ಬಿ ಅಂದರೆ ಕಪ್ಪು, ಎಚ್‌ಬಿ ನಡುವಿನದು. 2ಬಿ, 4ಬಿ ಎಂದು ಅಂಕಿ ಏರಿದಂತೆ ಮೆದು, ಕಪ್ಪು. ಒಳಗಿನ ಕಡ್ಡಿಗೆ ಸೀಸ ಎಂಬ ಹೆಸರು ಬಂದಿದ್ದರೂ ಅದರಲ್ಲಿ ಸೀಸ ಇಲ್ಲ. ಇಂಗ್ಲೆಂಡಿನ ಬಾರೊಡೇಲ್ ಎಂಬಲ್ಲಿ 16ನೇ ಶತಮಾನದಲ್ಲಿ ಒಳ್ಳೆಯ ಗ್ರಾಫೈಟ್ ಸಿಕ್ಕಾಗ, ಅದನ್ನು ಸೀಸದ ಒಂದು ಬಗೆ ಎಂದುಕೊಂಡರು. ಹೆಸರು ಉಳಿಯಿತು. ಫ್ರಾನ್ಸಿಗೆ ಯುದ್ಧದಿಂದಾಗಿ ಆ ಗ್ರಾಫೈಟ್ ಬರುವುದು ನಿಂತಾಗ, ನಿಕೊಲಾ-ಜಾಕ್ ಕಾಂಟೆ ಗ್ರಾಫೈಟ್ ಪುಡಿಗೆ ಜೇಡಿ ಮಣ್ಣು ಕಲಸಿ, ಕಡ್ಡಿ ಮಾಡಿ ಸುಟ್ಟರು. 1795ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಮಣ್ಣು ಜಾಸ್ತಿಯಾದರೆ ಗಟ್ಟಿ, ಗ್ರಾಫೈಟ್ ಜಾಸ್ತಿಯಾದರೆ ಕಪ್ಪು. ಇಂದಿನ ಪೆನ್ಸಿಲ್ಲಿನಲ್ಲೂ ಅದೇ ಲೆಕ್ಕ.

ನನ್ನ ಮಟ್ಟಿಗೆ ಕಲಿಯುವವರಿಗೆ ಪೆನ್ಸಿಲ್ಲಿಗಿಂತ ಪೆನ್ನು ವಾಸಿ. ಪೆನ್ಸಿಲ್ಲಿನ ಜೊತೆ ರಬ್ಬರ್ ಬರುತ್ತದೆ, ರಬ್ಬರ್ ಜೊತೆ ಚಟ ಬರುತ್ತದೆ. ಹತ್ತು ನಿಮಿಷದಲ್ಲಿ ಏಳು ನಿಮಿಷ ಉಜ್ಜುವುದರಲ್ಲೇ ಹೋಗುತ್ತದೆ. ಪೆನ್ನಿನ ಗೆರೆ ತಪ್ಪಿದರೆ ಅದರ ಪಕ್ಕದಲ್ಲೇ ಸರಿಯಾದ್ದನ್ನು ಎಳೆಯಬೇಕು. ಎರಡೂ ಕಾಣುತ್ತಿರುತ್ತವೆ. ಎಷ್ಟು ತಪ್ಪಿದೆ ಅನ್ನುವುದು ಕಣ್ಣೆದುರೇ ಇರುತ್ತದೆ. ಇದನ್ನು ಒಪ್ಪದವರೂ ಇದ್ದಾರೆ. ಪೆನ್ಸಿಲ್ಲಿನ ಮೆದು ನೆರಳು ಪೆನ್ನಿಗೆ ಬರುವುದಿಲ್ಲ ಅನ್ನುತ್ತಾರೆ. ಅದೂ ನಿಜವೇ. ಸಾದಾ ಬಾಲ್ ಪೆನ್ನು ಇಬ್ಬರನ್ನೂ ಸಮಾಧಾನ ಮಾಡುತ್ತದೆ. ಹಗುರ ಒತ್ತಿದರೆ ತೆಳು, ಜೋರು ಒತ್ತಿದರೆ ಗಾಢ.

ಪುಸ್ತಕ ಜೇಬಿಗೋ ಕೈಚೀಲಕ್ಕೋ ಹಿಡಿಸುವಂತಿರಲಿ. ದೊಡ್ಡ ಪುಸ್ತಕ ಮನೆಯಲ್ಲೇ ಉಳಿಯುತ್ತದೆ. ತುಂಬಾ ಚಂದದ ಪುಸ್ತಕವೂ ಬೇಡ. ಅದರ ಮೊದಲ ಪುಟ ಕೆಡಿಸಲು ಧೈರ್ಯ ಬರುವುದಿಲ್ಲ. ನನ್ನ ಹತ್ತಿರ ಅಂಥದ್ದೊಂದು ಇನ್ನೂ ಖಾಲಿ ಕೂತಿದೆ. ಪ್ರಿಂಟರಿನ ಹಾಳೆ ಸಾಮಾನ್ಯವಾಗಿ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಇರುತ್ತದೆ, ಪೆನ್ನು-ಪೆನ್ಸಿಲ್ಲಿಗೆ ಅದು ಧಾರಾಳ ಸಾಕು. ನೀರುಬಣ್ಣ ಹಾಕುವವರಿಗೆ ಮಾತ್ರ ದಪ್ಪ ಕಾಗದ ಬೇಕು. ಚೆನ್ನಾಗಿ ನೀರು ಬಳಸುವವರು 300 ಜಿಎಸ್‌ಎಂ ಕಾಗದಕ್ಕೆ ಹೋಗುತ್ತಾರೆ, ಅದು ಬೇಗ ಸುರುಟುವುದಿಲ್ಲ.

ಬಣ್ಣದ ಯೋಚನೆ ಇದ್ದರೆ ಇಂಕು ನೀರಿಗೆ ಕರಗದ್ದು ಎಂದು ಮೊದಲೇ ಖಾತ್ರಿ ಮಾಡಿಕೊಳ್ಳಿ. ಒಂದು ಸಲ ಒಂದೂವರೆ ಗಂಟೆ ಕೂತು ಹಳೇ ಕಟ್ಟಡವೊಂದರ ಕಿಟಕಿಗಳನ್ನೆಲ್ಲ ಎಣಿಸಿ ಬಿಡಿಸಿದ್ದೆ. ಆಕಾಶಕ್ಕೆ ಒಂದಿಷ್ಟು ನೀಲಿ ಹಚ್ಚೋಣ ಎಂದು ಬ್ರಷ್ ಇಟ್ಟೆ. ಎರಡೇ ನಿಮಿಷದಲ್ಲಿ ಇಡೀ ಕಟ್ಟಡ ಆಕಾಶಕ್ಕೆ ಹರಿದುಹೋಯಿತು. ಆ ಪುಟ ಈಗಲೂ ಇದೆ. ನೋಡಿದವರು ಮಳೆಯ ಚಿತ್ರ ಎಂದುಕೊಳ್ಳುತ್ತಾರೆ. ನಾನೂ ತಿದ್ದಲು ಹೋಗಿಲ್ಲ.

ಕಾಯುವ ಹೊತ್ತು

ದಿನಾ ಸ್ಕೆಚ್ ಮಾಡಲು ಟೈಮ್ ಎಲ್ಲಿದೆ ಎಂಬುದು ನ್ಯಾಯವಾದ ಪ್ರಶ್ನೆ. ಪ್ರತ್ಯೇಕ ಟೈಮ್ ಇಲ್ಲ, ನನಗೂ ಇಲ್ಲ. ಕಾಯುವ ಹೊತ್ತು ಮಾತ್ರ ಎಲ್ಲರಿಗೂ ಇದೆ. ಡಾಕ್ಟರ ಹತ್ತಿರ, ರೈಲಿಗೆ, ಒಲೆ ಮೇಲಿನ ನೀರು ಕುದಿಯುವವರೆಗೆ, ಮಗುವಿನ ಕ್ಲಾಸ್ ಮುಗಿಯುವವರೆಗೆ. ಫೋನ್ ಈ ಹೊತ್ತನ್ನು ನುಂಗಿಬಿಡುತ್ತದೆ, ನುಂಗಿದ್ದು ಗೊತ್ತೂ ಆಗುವುದಿಲ್ಲ. ಅದೇ ಇಪ್ಪತ್ತು ನಿಮಿಷದಲ್ಲಿ ಎದುರಿನ ಖಾಲಿ ಕುರ್ಚಿಗಳ ಸಾಲನ್ನು ಬಿಡಿಸಿದರೆ ಆ ಕೋಣೆ ನಿಮ್ಮದಾಗಿ ಉಳಿಯುತ್ತದೆ. ಹೊತ್ತು ಹೋದದ್ದಂತೂ ಗೊತ್ತಾಗುವುದಿಲ್ಲ. ನನ್ನ ಹೆಸರು ಕೂಗಿದ್ದು ಕೇಳಿಸದೆ ಸರದಿ ತಪ್ಪಿಸಿಕೊಂಡದ್ದೂ ಇದೆ.

ಕದಲದ ವಸ್ತುಗಳಿಂದ ಶುರು ಮಾಡುವುದು ಸುಲಭ. ಚಪ್ಪಲಿ ಒಳ್ಳೆಯ ಮಾದರಿ. ಸುಮ್ನೆ ಬಿದ್ದಿರುತ್ತದೆ, ಒಂದರಂತೆ ಇನ್ನೊಂದು ಸವೆದಿರುವುದಿಲ್ಲ, ಯಾರ ಚಪ್ಪಲಿ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಕುರ್ಚಿಯ ಬೆನ್ನಿಗೆ ನೇತುಹಾಕಿದ ಅಂಗಿ ಇನ್ನೊಂದು.

ಜನರನ್ನು ಬಿಡಿಸುವುದು ಬೇರೆಯೇ ಆಟ. ಅವರು ಅಲ್ಲಾಡುತ್ತಾರೆ, ಎದ್ದು ಹೋಗುತ್ತಾರೆ. ಇದಕ್ಕೆ ಎರಡು ದಾರಿ. ಒಂದು, ಅಂಚನ್ನು ಬಿಟ್ಟು ಅವರ ಭಂಗಿಯನ್ನು ಅರ್ಧ ನಿಮಿಷದಲ್ಲಿ ಹಿಡಿಯುವುದು. ತಲೆ ಎತ್ತ ವಾಲಿದೆ, ಬೆನ್ನು ಹೇಗೆ ಬಾಗಿದೆ, ದೇಹದ ಭಾರ ಯಾವ ಕಾಲಿನ ಮೇಲಿದೆ? ನಾಲ್ಕು ಗೆರೆ, ಮುಗಿಯಿತು. ಇನ್ನೊಂದು, ಒಂದೇ ಪುಟದಲ್ಲಿ ಐದಾರು ಅರೆಬರೆ ಚಿತ್ರ ಒಟ್ಟಿಗೆ ನಡೆಸುವುದು. ಜನ ಅಲ್ಲಾಡಿದರೂ ಅವೇ ಭಂಗಿಗಳಿಗೆ ಮರಳಿ ಬರುತ್ತಾರೆ. ಮರಳಿದಾಗ ಆ ಚಿತ್ರ ಮುಂದುವರಿಸಿ. ದಿಟ್ಟಿಸಿ ನೋಡಿ ಮುಜುಗರ ಮಾಡಬಾರದು. ಯಾರಾದರೂ ಕಂಡುಹಿಡಿದರೆ ಪುಟ ತೋರಿಸಿಬಿಡುವುದು ಒಳ್ಳೆಯದು. ಬೇಡ ಎಂದರೆ ನಿಲ್ಲಿಸಬೇಕು. "ನನ್ನ ಮೂಗು ಇಷ್ಟು ದೊಡ್ಡದಾ?" ಎಂದು ಕೇಳಿದವರು ಒಬ್ಬರಿದ್ದರು. ಉತ್ತರ ಕೊಡಲಿಲ್ಲ.

ನಾಲ್ಕು ಗೆರೆಯಲ್ಲಿ ಏನು ಹಿಡಿಸೀತು ಎಂದು ಅನುಮಾನ ಇದ್ದವರು ಡಚ್ ಚಿತ್ರಕಾರ ರೆಂಬ್ರಾಂಟ್ ಅವರ ಒಂದು ಪುಟ್ಟ ಚಿತ್ರ ಹುಡುಕಿ ನೋಡಿ. ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಇಬ್ಬರು ಹೆಂಗಸರು ಮಗುವಿಗೆ ನಡಿಗೆ ಕಲಿಸುತ್ತಿದ್ದಾರೆ. ಕೆಂಪು ಚಾಕಿನ ಕೆಲವೇ ಗೆರೆಗಳು. ವಯಸ್ಸಾದ ಹೆಂಗಸಿನ ಬೆನ್ನು ಬಾಗಿರುವುದರಲ್ಲೇ ಅವಳ ವಯಸ್ಸೆಲ್ಲ ಇದೆ. ಮುಖಗಳಲ್ಲಿ ಹೆಚ್ಚೇನೂ ಬಿಡಿಸಿಲ್ಲ, ಬೇಕೂ ಆಗಿಲ್ಲ.

ಒಂದೇ ವಸ್ತುವಿಗೆ ಅಂಟಿಕೊಂಡರೂ ನಡೆಯುತ್ತದೆ. ಆರ್. ಕೆ. ಲಕ್ಷ್ಮಣ್ ಚಿಕ್ಕಂದಿನಿಂದ ಕಾಗೆಗಳನ್ನು ನೋಡಿ ಬಿಡಿಸಿದರು, ವ್ಯಂಗ್ಯಚಿತ್ರಕ್ಕೆ ಹೆಸರಾದ ಮೇಲೂ ಬಿಡಿಸುತ್ತಲೇ ಇದ್ದರು. ಯಾರೂ ತಿರುಗಿ ನೋಡದ ಹಕ್ಕಿ ಅದು. ಇನ್ನು ಎಲ್ಲವನ್ನೂ ಬಿಡಿಸಿದವರೂ ಇದ್ದಾರೆ. ಜಪಾನಿನ ಹೊಕುಸಾಯ್ ಅವರ ಸ್ಕೆಚ್ಚುಗಳ ಮೊದಲ ಸಂಪುಟ 1814ರಲ್ಲಿ ಬಂತು, ಒಟ್ಟು 15 ಸಂಪುಟಗಳಾದವು. ಕುಸ್ತಿ ಆಡುವವರು, ಆಕಳಿಸುವವರು, ಕಪ್ಪೆ, ಅಲೆ, ದೆವ್ವ ಎಲ್ಲವೂ ಅದರಲ್ಲಿವೆ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಸತ್ತಾಗ ಸುಮಾರು 300 ಸ್ಕೆಚ್‌ಬುಕ್ ಬಿಟ್ಟುಹೋದರು. ಅವುಗಳಲ್ಲಿ ಎಷ್ಟೋ ಪುಟಗಳು ನಮ್ಮ ನಿಮ್ಮ ಪುಟಗಳಷ್ಟೇ ಗಡಿಬಿಡಿಯವು. ಒಂದು ಬೆಟ್ಟದ ಗೆರೆ, ಒಂದು ಗೋಪುರ, ಪಕ್ಕದಲ್ಲಿ ಬಣ್ಣದ ಟಿಪ್ಪಣಿ, ಅಷ್ಟೇ. ನನಗೆ ಅವರ ದೊಡ್ಡ ಪೇಂಟಿಂಗುಗಳಿಗಿಂತ ಆ ಪುಟಗಳೇ ಧೈರ್ಯ ಕೊಡುತ್ತವೆ.

ಫೋಟೋ ಇದೆಯಲ್ಲ, ಇಷ್ಟೆಲ್ಲ ಯಾಕೆ ಅನ್ನಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಮ್ಯೂಸಿಯಂ ಒಂದರಲ್ಲಿ ಕೆಲವು ವಸ್ತುಗಳನ್ನು ಸುಮ್ಮನೆ ನೋಡಲು, ಕೆಲವನ್ನು ಫೋಟೋ ತೆಗೆಯಲು ವಿದ್ಯಾರ್ಥಿಗಳಿಗೆ ಹೇಳಿದ್ದರು. ಮರುದಿನ ಕೇಳಿದರೆ, ಫೋಟೋ ತೆಗೆದವುಗಳ ನೆನಪೇ ಕಡಿಮೆ ಇತ್ತು. ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತದೆ ಎಂದು ಮನಸ್ಸು ಕೈತೊಳೆದುಕೊಂಡಂತೆ. ಆದರೆ ವಸ್ತುವಿನ ಒಂದು ಭಾಗವನ್ನು ಝೂಮ್ ಮಾಡಿ ತೆಗೆದಾಗ ನೆನಪು ಹಾಗೆ ಕುಂದಲಿಲ್ಲ. ಅಂದರೆ ತಪ್ಪು ಕ್ಯಾಮೆರಾದ್ದಲ್ಲ. ಯಾವ ಭಾಗ ಎಂದು ಒಂದು ಕ್ಷಣ ಯೋಚಿಸಿ ನೋಡಿದರೂ ಫಲ ಬೇರೆ.

ಸ್ಕೆಚ್ಚಿನಲ್ಲಿ ಅಂಥ ಯೋಚನೆ ಪ್ರತಿ ಗೆರೆಗೂ ಬೇಕು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೆಫ್ರಿ ವಾಮ್ಸ್ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಜನರಿಗೆ ಪದಗಳನ್ನು ಕೊಟ್ಟು ಕೆಲವನ್ನು ಬರೆಯಲು, ಕೆಲವಕ್ಕೆ ಚಿತ್ರ ಬಿಡಿಸಲು ಹೇಳಿದರು. ಬರೆದವುಗಳಿಗಿಂತ ಬಿಡಿಸಿದವು ಜಾಸ್ತಿ ನೆನಪಿದ್ದವು. ಒಂದು ಪದಕ್ಕೆ ನಾಲ್ಕೇ ಸೆಕೆಂಡ್ ಕೊಟ್ಟಾಗಲೂ ಹಾಗೇ ಆಯಿತು. ನನಗೆ ಹೆಚ್ಚು ಸಮಾಧಾನ ಕೊಟ್ಟ ಸಂಗತಿ ಇನ್ನೊಂದಿದೆ: ಚಿತ್ರ ಚೆನ್ನಾಗಿತ್ತೋ ಕೆಟ್ಟದಾಗಿತ್ತೋ ಅನ್ನುವುದು ಲೆಕ್ಕಕ್ಕೆ ಬರಲಿಲ್ಲ. ಇವು ಪ್ರಯೋಗಶಾಲೆಯ ಪದಪಟ್ಟಿಗಳು, ಇದರಿಂದ ನಿಮ್ಮ ಮರೆವೆಲ್ಲ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಹಳೇ ಸ್ಕೆಚ್‌ಬುಕ್ ತೆರೆದಾಗ ಆಗುವುದು ಇದಕ್ಕೆ ಹೊಂದುತ್ತದೆ. ವಕ್ರ ಕಿಟಕಿಯೊಂದನ್ನು ನೋಡಿದರೆ ಆ ಮಧ್ಯಾಹ್ನದ ಸೆಕೆ, ಪಕ್ಕದವರ ಫೋನ್ ಮಾತು, ಬೆಂಚಿನ ಒಂದು ಕಾಲು ಕುಂಟುತ್ತಿದ್ದದ್ದು ಕೂಡ ಮೇಲೆದ್ದು ಬರುತ್ತವೆ. ಅದೇ ಜಾಗದ ಫೋಟೋ ನನ್ನ ಫೋನಿನಲ್ಲಿ ಎಲ್ಲೋ ಇದೆ. ಹುಡುಕಿಲ್ಲ.

ಪುಟಕ್ಕೆ ತಾರೀಕು, ಜಾಗ ಬರೆದಿಡಿ. ಕೆಟ್ಟ ಪುಟ ಹರಿಯಬೇಡಿ. ಯಾರಿಗೂ ತೋರಿಸಬೇಕಾಗಿಲ್ಲ. ಜೊತೆ ಬೇಕೆನಿಸಿದರೆ ಗುಂಪುಗಳಿವೆ. ಸಿಯಾಟಲ್‌ನ ಪತ್ರಕರ್ತ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ ಶುರು ಮಾಡಿದ ಅರ್ಬನ್ ಸ್ಕೆಚರ್ಸ್ ಇಂದು ಅನೇಕ ದೇಶಗಳಲ್ಲಿದೆ. ಅವರ ಮುಖ್ಯ ಪಟ್ಟು ಒಂದೇ: ಫೋಟೋ ನೋಡಿ ಅಲ್ಲ, ಆ ಜಾಗದಲ್ಲೇ ಕೂತು ಬಿಡಿಸಬೇಕು. ಒಬ್ಬರೇ ಹೊರಗೆ ಕೂತು ಬಿಡಿಸಲು ನಾಚಿಕೆ ಆಗುವವರಿಗೆ ಪಕ್ಕದಲ್ಲಿ ಇನ್ನೂ ನಾಲ್ವರು ಬಿಡಿಸುತ್ತಿದ್ದರೆ ನಾಚಿಕೆ ಹಂಚಿಹೋಗುತ್ತದೆ.

ಅಂದಹಾಗೆ, ಚೈನು ಹಿಂದಿನ ಚಕ್ರಕ್ಕೆ ಮಾತ್ರ. ಆ ಮೊದಲ ಒಂಟಿ ಪೆಡಲಿನ ಸೈಕಲ್ ಆದ ಮೇಲೆ ನಾನು ನಿಜವಾದದ್ದೊಂದರ ಎದುರು ಕೂತು ಮತ್ತೆ ಬಿಡಿಸಿದೆ. ಕಂಬಿಗಳು ಸರಿಯಾಗಿ ಬಂದವು, ಚೈನೂ ಸರಿ, ಪೆಡಲ್ ಎರಡು. ಖುಷಿಯಿಂದ ಎದ್ದು ಪುಟವನ್ನು ಸೈಕಲ್ಲಿನ ಪಕ್ಕ ಹಿಡಿದು ನೋಡಿದೆ. ನಿಜವಾದ ಸೈಕಲ್ ಸೈಡ್ ಸ್ಟ್ಯಾಂಡಿನ ಮೇಲೆ ಒಂದು ಬದಿಗೆ ವಾಲಿತ್ತು, ಮುಂದಿನ ಚಕ್ರ ನನ್ನ ಕಡೆಗೆ ತಿರುಗಿ ಅಂಡಾಕಾರವಾಗಿತ್ತು. ನನ್ನದು ನೆಟ್ಟಗೆ ನಿಂತಿತ್ತು, ಎರಡೂ ಚಕ್ರ ಬಟ್ಟಲಿನಷ್ಟು ದುಂಡಗೆ. ಪುಟ ತಿರುಗಿಸಿ ಮತ್ತೆ ಕೂತೆ.